ಸೋಮವಾರದ ಮಗ ಚೋಮ

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಅಲ್ಲಿಂದೀಚೆಗೆ ಚೋಮನ ಬಗ್ಗೆ ಕನ್ನಡ ವಿಮರ್ಶೆ ಬಾಯಿ ನೋಯುವಷ್ಟು ಮಾತಾಡಿದೆ. ಅವನ ದುಡಿಯ ಬಗ್ಗೆ, ಅವನು ಸಾಕಿದ ಎತ್ತುಗಳ ಬಗ್ಗೆ, ಒಂದು ತುಂಡು ಗದ್ದೆ ಉಳಬೇಕೆಂಬ ಅವನ ಆಸೆಯ ಬಗ್ಗೆ. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದಾಗ ಅದಕ್ಕೆ ಸ್ವರ್ಣ ಕಮಲ ಬಂತು. ಚೋಮನಾಗಿ ಕುಣಿದ ಎಂ.ವಿ. ವಾಸುದೇವರಾವ್ ದೇಶದ ಶ್ರೇಷ್ಠ ನಟರಾದರು. ಎಲ್ಲ ಸರಿ. ಆದರೆ ಚೋಮ ಅನ್ನೋ ಹೆಸರು ಎಲ್ಲಿಂದ ಬಂತು? ಯಾರು ಇಟ್ಟರು? ಈಗ ಯಾಕೆ ಯಾರೂ ಇಡೋದಿಲ್ಲ? ಈ ಪ್ರಶ್ನೆಗಳನ್ನು ಕಾದಂಬರಿಯ ಓದಿನೊಳಕ್ಕೆ ತಂದವರು ಕಡಿಮೆ. ಹೆಸರಲ್ಲೇನಿದೆ ಬಿಡಿ ಅಂತ ಹೇಳುವ ಪುಣ್ಯ ಎಲ್ಲರಿಗೂ ಇಲ್ಲ. ಹೆಸರು ಹಿಡಿದು ಕರೆದ ಕೂಡಲೇ ಹೆಗಲ ಮೇಲಿನ ಟವಲ್ಲು ಕೈಗೆ ಬರಬೇಕಾದ ಜನಕ್ಕೆ ಹೆಸರಲ್ಲಿ ಏನೇನಿದೆ ಅಂತ ಚೆನ್ನಾಗಿ ಗೊತ್ತು.

ಚೋಮ ಅಂದರೆ ಸೋಮ. ಸೋಮವಾರದ ಸೋಮ. ತುಳುನಾಡಿನಲ್ಲಿ ಮಗು ಯಾವ ವಾರ ಹುಟ್ಟಿತೋ ಆ ವಾರದ ಹೆಸರನ್ನೇ ಮಗುವಿಗೆ ಇಡುವ ರೂಢಿ ಬಹಳ ಹಿಂದಿನದು. ಭಾನುವಾರ ಹುಟ್ಟಿದವನು ಐತ. ಆದಿತ್ಯ ಎಂಬ ಮಾತೇ ಸವೆದು ಐತ ಆಗಿದೆ. ಸೋಮವಾರದವನು ಸೋಮ, ತೋಮ ಅಥವಾ ಚೋಮ. ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ಚನಿಯ ಅಥವಾ ತನಿಯ. ತುಳುವಿನಲ್ಲಿ ಒಂದು ಜಾತಿಯ ಬಾಯಲ್ಲಿ ಸಕಾರ ಇರುವ ಕಡೆ ಇನ್ನೊಂದು ಜಾತಿಯ ಬಾಯಲ್ಲಿ ತಕಾರ ಇರುತ್ತದೆ, ಮತ್ತೊಂದರಲ್ಲಿ ಚಕಾರ. ಹೀಗಾಗಿ ಒಂದೇ ಸೋಮವಾರ ಹುಟ್ಟಿದ ಮೂರು ಮಕ್ಕಳಲ್ಲಿ ಒಬ್ಬ ಸೋಮ, ಒಬ್ಬ ತೋಮ, ಒಬ್ಬ ಚೋಮ. ಬಾಯಿ ಬಿಟ್ಟರೆ ಸಾಕು, ಮೊದಲ ಅಕ್ಷರದಲ್ಲೇ ಜಾತಿ ಹೊರಗೆ ಬಿತ್ತು.

ಈಗ ಕಾದಂಬರಿಯ ಗುಡಿಸಲಿನೊಳಕ್ಕೆ ಮತ್ತೆ ಬನ್ನಿ. ಅಪ್ಪ ಚೋಮ, ಸೋಮವಾರ. ಮಗ ಗುರುವ, ಗುರುವಾರ. ಇನ್ನೊಬ್ಬ ಮಗ ಚನಿಯ, ಶನಿವಾರ. ಕಾಳ, ನೀಲ ಬಣ್ಣದ ಹೆಸರಿನವರು. ಮಗಳು ಬೆಳ್ಳಿ. ಬೆಳ್ಳಿ ಎಂದರೆ ಲೋಹ ಹೇಗೋ ಹಾಗೆ ಮುಂಜಾವದಲ್ಲಿ ಮೂಡುವ ಶುಕ್ರವೂ ಹೌದು. ಅಂದರೆ ಆ ಒಂದು ಗುಡಿಸಲಿನಲ್ಲಿ ಅರ್ಧ ವಾರವೇ ಒಲೆ ಸುತ್ತ ಕೂತಿದೆ. ವಾರದ ಏಳೂ ದಿನ ಧಣಿಯ ಗದ್ದೆಯಲ್ಲಿ ದುಡಿದವರಿಗೆ ವಾರದ ಹೆಸರುಗಳೇ ಸಿಕ್ಕಿದ್ದು ವಿಚಿತ್ರ ಲೆಕ್ಕ. ಚನಿಯ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ ಬದುಕಲಿಲ್ಲ. ಗುರುವ ಕ್ರಿಸ್ತನ ಜನಕ್ಕೆ ಸೇರಿದ. ನೀಲ ನೀರಿನಲ್ಲಿ ಮುಳುಗುವಾಗ ಮುಟ್ಟಬಾರದವನ ಮಗ ಅಂತ ಯಾರೂ ಕೈ ಕೊಡಲಿಲ್ಲ. ಕೊನೆಗೆ ಸೋಮವಾರದವನು ಒಬ್ಬನೇ ದುಡಿ ಬಾರಿಸುತ್ತಾ ಸತ್ತ.

ಇದರೊಳಗಿನ ವ್ಯಂಗ್ಯ ನೋಡಿ. ಸೋಮ, ಅಂಗಾರಕ, ಬುಧ, ಗುರು, ಶುಕ್ರ, ಶನಿ ಇವರೆಲ್ಲ ಯಾರು? ದೇವಸ್ಥಾನದ ಒಳಗೆ ಕಲ್ಲಾಗಿ ನಿಂತ ನವಗ್ರಹಗಳು. ಶನಿಗೆ ಎಳ್ಳೆಣ್ಣೆಯ ದೀಪ, ಅಂಗಾರಕನಿಗೆ ಕೆಂಪು ಬಟ್ಟೆ, ಪ್ರದಕ್ಷಿಣೆ, ದಕ್ಷಿಣೆ. ಕಲ್ಲಿನ ಶನಿಗೆ ಎಣ್ಣೆ ಸುರಿದ ಕೈಯೇ ಮೈಯುಳ್ಳ ಚನಿಯನನ್ನು ಅಂಗಳದಾಚೆ ನಿಲ್ಲಿಸಿತು. ಒಳಗೆ ಗ್ರಹ, ಹೊರಗೆ ಆಳು. ಹೆಸರು ಒಂದೇ. ಹೆಸರಿನಿಂದ ಮಾನ ಬರುವುದಾಗಿದ್ದರೆ ಚೋಮನಿಗೆ ಚಂದ್ರನ ಮಾನ ಬರಬೇಕಿತ್ತು.

ಇದು ಅಸ್ಪೃಶ್ಯರದೇ ಹೆಸರು ಅಂತ ತಿಳಿದರೂ ತಪ್ಪು. ತುಳುನಾಡಿನ ಬೇರೆ ಬೇರೆ ಜಾತಿಗಳಲ್ಲೂ ಈ ಹೆಸರುಗಳಿವೆ. ಆದರೆ ಅಲ್ಲಿ ಹೆಸರಿಗೆ ಒಂದು ಬಾಲ ಇದೆ. ಐತಪ್ಪ, ಸೋಮಪ್ಪ, ತುಕ್ರಪ್ಪ. ಆಮೇಲೆ ಅದರ ಮೇಲೊಂದು ಜಾತಿಯ ಕಿರೀಟ. ನಮ್ಮವರಿಗೆ ಬಂದಾಗ ಬಾಲವೂ ಇಲ್ಲ, ಕಿರೀಟವೂ ಇಲ್ಲ. ಬರೀ ಐತ. ಬರೀ ಚೋಮ. ಬಯಲುಸೀಮೆಯಲ್ಲೂ ಇದೇ ಕತೆ. ಗೌಡರಲ್ಲಿ ಕಾಳೇಗೌಡ, ಕೇರಿಯಲ್ಲಿ ಕಾಳ. ಅಲ್ಲಿ ಮಾರಪ್ಪ, ಇಲ್ಲಿ ಮಾರ. ಅಪ್ಪ ಅನ್ನೋ ಎರಡಕ್ಷರ ಸೇರಿಸಿದರೆ ಕರೆಯುವವನ ನಾಲಿಗೆ ಸವೆದು ಹೋಗುತ್ತಿರಲಿಲ್ಲ. ಆದರೂ ಸೇರಿಸಲಿಲ್ಲ. ಅರುವತ್ತು ವರ್ಷದ ಅಜ್ಜನನ್ನು ಆರು ವರ್ಷದ ಧಣಿಯ ಮೊಮ್ಮಗ 'ಲೇ ಚೋಮ' ಅಂತ ಕರೆಯಬಹುದಿತ್ತು. ಅಜ್ಜ 'ಧಣೀ' ಅಂತ ಓಡಿಬರಬೇಕಿತ್ತು. ಆದ್ದರಿಂದ ನಾವು ಹೇಳೋದು ಇಷ್ಟು. ಅವಮಾನ ಇದ್ದದ್ದು ಹೆಸರಿನ ಹಿಂದೆ ಬಂದ 'ಲೇ'ಯಲ್ಲಿ, ಹೆಸರಿನ ಮುಂದೆ ಬಾರದ 'ಅಪ್ಪ'ನಲ್ಲಿ.

ಈ ಕತ್ತರಿ ಪ್ರಯೋಗಕ್ಕೆ ಶಾಸ್ತ್ರದ ಬೆಂಬಲ ಉಂಟು. ಮನುಸ್ಮೃತಿಯ ಎರಡನೆಯ ಅಧ್ಯಾಯ ಮಗುವಿನ ಹೆಸರಿಗೂ ವರ್ಣ ಹಂಚಿದೆ. ಬ್ರಾಹ್ಮಣನ ಹೆಸರಲ್ಲಿ ಮಂಗಳ ಇರಬೇಕು, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಹಣ, ಶೂದ್ರನದರಲ್ಲಿ ಹೇಸಿಗೆ. ಶೂದ್ರನಿಗೇ ಹೀಗಾದರೆ ನಾಲ್ಕು ವರ್ಣದಾಚೆ ನಿಂತವರ ಪಾಡು ಕೇಳೋದೇ ಬೇಡ. ತೊಟ್ಟಿಲಲ್ಲಿ ಮಲಗಿದ ಕೂಸಿನ ಕಿವಿಗೇ ಬೇಲಿ ಹಾಕಿದ ಧರ್ಮ ಇದು.

ಹಾಗಾದರೆ ಚೋಮನಿಗೆ ಆ ಹೆಸರನ್ನು ಇಟ್ಟವರು ಯಾರು? ಧಣಿಯೋ, ತಾಯಿಯೋ? ಇಲ್ಲಿ ಒಂದು ಇಂಗ್ಲಿಷ್ ಕಾದಂಬರಿಯನ್ನು ಪಕ್ಕಕ್ಕೆ ಇಟ್ಟು ನೋಡಬೇಕು. ಡೇನಿಯಲ್ ಡೆಫೋನ 'ರಾಬಿನ್ಸನ್ ಕ್ರೂಸೋ' ಬಂದದ್ದು 1719ರಲ್ಲಿ. ನಮ್ಮ ಎಷ್ಟೋ ಮೇಷ್ಟ್ರುಗಳು ಮಕ್ಕಳಿಗೆ ಇದರ ಕತೆ ಹೇಳಿರುತ್ತಾರೆ. ದ್ವೀಪದಲ್ಲಿ ಒಂಟಿಯಾಗಿದ್ದ ಬಿಳಿಯ, ಒಬ್ಬ ಕಾಡುಮನುಷ್ಯನ ಜೀವ ಉಳಿಸಿ, ಅವತ್ತು ಶುಕ್ರವಾರ ಅಂತ ಅವನಿಗೆ ಫ್ರೈಡೇ ಅಂತ ಹೆಸರಿಡುತ್ತಾನೆ. ತುಳುವಿನಲ್ಲಿ ಹೇಳಬೇಕಾದರೆ ತುಕ್ರ. ಅವನಿಗೆ ಅವನದೇ ಆದ ಒಂದು ಹೆಸರು ಮೊದಲೇ ಇದ್ದಿರಬೇಕಲ್ಲ, ಅದನ್ನು ಕ್ರೂಸೋ ಕೇಳುವುದೇ ಇಲ್ಲ. ಆಮೇಲೆ ತನ್ನ ಹೆಸರು ಹೇಳಿಕೊಡುತ್ತಾನೆ. ಯಾವುದು? ರಾಬಿನ್ಸನ್ ಅಲ್ಲ, ಮಾಸ್ಟರ್! ಧಣಿ! ಮಕ್ಕಳ ಸಾಹಸದ ಕತೆ ಅಂತ ಓದಿಸುವ ಪುಸ್ತಕದೊಳಗೆ ಜೀತದ ಮೊದಲ ಪಾಠ ಹೀಗೆ ಕೂತಿದೆ.

ಫ್ರೈಡೇಗೂ ತುಕ್ರನಿಗೂ ಅರ್ಥ ಒಂದೇ. ಆದರೆ ಹೆಸರಿಟ್ಟ ಕೈ ಬೇರೆ. ಫ್ರೈಡೇ ಎಂಬುದು ಯಜಮಾನ ತನ್ನ ಸ್ವತ್ತಿಗೆ ಒತ್ತಿದ ಮುದ್ರೆ. ಚೋಮ, ತುಕ್ರ ಅನ್ನೋವು ಗುಡಿಸಲಿನೊಳಗೆ ಹೆತ್ತವಳು ನೆನಪಿಟ್ಟುಕೊಂಡ ದಿನಗಳು. ಅವಳ ಹತ್ತಿರ ಪಂಚಾಂಗ ಇರಲಿಲ್ಲ. ಜಾತಕ ಬರೆಯುವ ಭಟ್ಟರು ಅವಳ ಅಂಗಳಕ್ಕೆ ಬರುತ್ತಿರಲಿಲ್ಲ. ಜನನ ಮರಣದ ಪುಸ್ತಕ ಹಿಡಿದವನೂ ಅವಳನ್ನು ಕೇಳಲಿಲ್ಲ. ಮಗು ಈ ಭೂಮಿಗೆ ಬಂದದ್ದಕ್ಕೆ ಒಂದು ದಾಖಲೆ ಬೇಕಲ್ಲ, ಆ ದಾಖಲೆಯನ್ನು ಅವಳು ಮಗುವಿನ ಮೈಮೇಲೇ ಬರೆದಳು. ಕಾಸು ಕೊಡದೆ ಸಿಗುವ ಆಸ್ತಿ ಆಗ ಅವಳಿಗೆ ಒಂದೇ, ದಿನ. ಅದನ್ನೇ ಮಗನಿಗೆ ಕೊಟ್ಟಳು. ಕೀಳುಜಾತಿಯವರಿಗೆ ಹೆಸರಿಡುವ ಬುದ್ಧಿ ಎಲ್ಲಿಂದ ಬರಬೇಕು ಅಂತ ನಗುವ ಪಂಡಿತರು ಈ ತಾಯಿಯ ಮುಂದೆ ಕೂತು ಸ್ವಲ್ಪ ಹೊತ್ತು ಯೋಚನೆ ಮಾಡುವುದು ಒಳ್ಳೆಯದು.

ಬಯಲುಸೀಮೆಯ ಕೇರಿಗಳಲ್ಲೂ ಇಂಥದೇ ಲೆಕ್ಕಾಚಾರ ಇದೆ. ಹುಟ್ಟಿದ ಕೂಸುಗಳೆಲ್ಲ ಸಾಯುತ್ತಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪ ಅಂತ ಕರೆಯುತ್ತಿದ್ದರು. ಸಾವಿಗೆ ಅಸಹ್ಯವಾಗಲಿ, ಬಿಟ್ಟು ಹೋಗಲಿ ಅಂತ. ತಾಯಿಯ ಹೆದರಿಕೆ ಅಲ್ಲಿ ಹೆಸರಾಗಿದೆ. ದೇವನೂರ ಮಹಾದೇವ ಅವರ 'ದ್ಯಾವನೂರು' ಸಂಕಲನ 1973ರಲ್ಲಿ ಬಂತು. ಅದರೊಳಗಿನ 'ಅಮಾಸ' ಕತೆಯ ಹುಡುಗನಿಗೂ ದಿನದ ಹೆಸರೇ. ಕಪ್ಪಗಿದ್ದುದಕ್ಕೆ ಬಂತೋ, ಅಮಾವಾಸ್ಯೆಯ ದಿನ ಹುಟ್ಟಿದ್ದಕ್ಕೆ ಬಂತೋ, ಹೇಳಲು ಹೆತ್ತವರು ಬದುಕಿಲ್ಲ. ಮಾರಿಗುಡಿಯ ಆಸರೆಯಲ್ಲಿ ಬೆಳೆದ ಹುಡುಗ. ಅವನನ್ನು ಸಾಕಿದ ಮುದುಕನಿಗಂತೂ ಹುಟ್ಟಿನ ಹೆಸರೇ ಅಳಿಸಿಹೋಗಿ ಕುರಿ ಕಾಯುವ ಕೆಲಸದಿಂದ ಬಂದ ಕುರಿಯಯ್ಯ ಅನ್ನೋ ಹೆಸರೇ ಉಳಿದಿದೆ.

ಚೋಮನಿಂದ ಅಮಾಸನವರೆಗೆ 40 ವರ್ಷ. ಈ 40 ವರ್ಷದಲ್ಲಿ ಏನು ಬದಲಾಯಿತು ಅನ್ನೋದನ್ನು ಹೆಸರಿನಲ್ಲೇ ನೋಡಬಹುದು. ಕಾರಂತರ ಕಾದಂಬರಿಯಲ್ಲಿ ಚೋಮ ಎಂಬ ಹೆಸರು ಕರುಣೆಯನ್ನು ಬೇಡುತ್ತದೆ. ಓದುವವನು ಅಯ್ಯೋ ಪಾಪ ಅನ್ನಬೇಕು, ಅಂದ. ಕಾರಂತರ ಕರುಣೆ ಸುಳ್ಳಲ್ಲ. ಒಬ್ಬ ಅಸ್ಪೃಶ್ಯನ ಹೆಸರನ್ನು ಪುಸ್ತಕದ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದು 1933ರಲ್ಲಿ ಸಣ್ಣ ಕೆಲಸವೂ ಅಲ್ಲ. ಆದರೆ ಆ ಹೆಸರು ಅಲ್ಲಿ ಹೊರಗಿನವರ ಕಿವಿಗೆ ಬಿದ್ದ ಹಾಗೆ ಬಿದ್ದಿದೆ. ಮಹಾದೇವರ ಕತೆಯಲ್ಲಿ ಅಮಾಸ ಮಾರಿಹಬ್ಬದಲ್ಲಿ ಹುಲಿಯಾಗಿ ಕುಣಿಯುತ್ತಾನೆ. ಊರಿಗೆ ಊರೇ ಬೆರಗಾಗಿ ಅವನನ್ನು ನೋಡುತ್ತದೆ. ಅದುವರೆಗೆ ಯಾರ ಲೆಕ್ಕಕ್ಕೂ ಬಾರದಿದ್ದ ಕತ್ತಲೆಯ ಹೆಸರು ಜನರ ಬಾಯಲ್ಲಿ ಬೆಳಗುತ್ತದೆ. ಹೆಸರು ಬದಲಾಯಿಸದೆ ಹೆಸರಿನ ಮಾನವನ್ನು ಬದಲಾಯಿಸಿದ ಕತೆ ಅದು. ದಲಿತ ಸಾಹಿತ್ಯ ಅಂದರೆ ಏನು ಅಂತ ಕೇಳುವ ವಿದ್ಯಾರ್ಥಿಗಳಿಗೆ ಈ ಎರಡು ಹೆಸರುಗಳ ನಡುವಿನ ದೂರ ತೋರಿಸಿದರೆ ಸಾಕು.

ಸಾಹಿತ್ಯದ ಮಾತು ಹೀಗಾಯಿತು. ಬದುಕಿನಲ್ಲಿ ಚೋಮ ಏನಾದ? 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದರು. ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅದಕ್ಕೂ ಮೊದಲೇ, 1834ರಲ್ಲಿ, ಬಾಸೆಲ್ ಮಿಶನ್ ಅಲ್ಲಿಗೆ ಬಂದಿತ್ತು. ಶಾಲೆ ಬಂತು, ಹಾಜರಿ ಪುಸ್ತಕ ಬಂತು. ಹಾಜರಿ ಪುಸ್ತಕದ ಎದುರು ನಿಂತ ಚೋಮ ಮೊದಲು ಸೋಮನಾದ, ಆಮೇಲೆ ಸೋಮಪ್ಪ, ಆಮೇಲೆ ಸೋಮಶೇಖರ, ಸೋಮನಾಥ. ಐತ ಆದಿತ್ಯನಾದ. ಬೂದ ಬುದ್ಧನಾದ. ಕೆಲವು ಕಡೆ ತಂದೆಯೇ ಬರೆಸಿದ, ಕೆಲವು ಕಡೆ ಮೇಷ್ಟ್ರೇ ತಿದ್ದಿ ಬರೆದುಕೊಂಡರು. ಈವತ್ತು ತುಳುನಾಡಿನ ಅಂಗನವಾಡಿಯಲ್ಲಿ ಚೋಮ ಅಂತ ಕರೆದರೆ ಓಗೊಡುವ ಮಗು ಸಿಗೋದು ಕಷ್ಟ. ಅಜ್ಜಂದಿರ ಪಿಂಚಣಿ ಪುಸ್ತಕದಲ್ಲಿ ಇದ್ದರೆ ಉಂಟು. ಮೂರು ತಲೆಮಾರಿನಲ್ಲಿ ಒಂದು ಹೆಸರು ಹೀಗೆ ಮುಗಿಯುತ್ತಾ ಬಂತು.

ಹೆಸರು ಬದಲಾಯಿಸಿದ್ದು ಸರಿಯೋ ತಪ್ಪೋ ಅಂತ ಕೇಳುವ ಜನ ಇದ್ದಾರೆ. 'ನಿಮ್ಮ ಹಳೆಯ ಹೆಸರುಗಳಲ್ಲಿ ಎಂಥ ಮಣ್ಣಿನ ವಾಸನೆ ಇತ್ತು, ಹಾಳು ಮಾಡಿಕೊಂಡಿರಿ' ಅಂತ ಮರುಗುವವರೂ ಇದ್ದಾರೆ. ಇವರ ಮಕ್ಕಳ ಹೆಸರು ಕೇಳಿ, ಯಾವ ಮಣ್ಣೂ ಅಂಟಿರುವುದಿಲ್ಲ. ಮಣ್ಣಿನ ವಾಸನೆ ಹೊರುವ ಗುತ್ತಿಗೆಯನ್ನೂ ನಮಗೇ ಕೊಟ್ಟಿದ್ದಾರೆ. ಹೆಸರು ಕೇಳಿ ಬೆಂಚಿನಿಂದ ಎಬ್ಬಿಸಿದಾಗ, ಹೆಸರು ಕೇಳಿ ಬಾಡಿಗೆ ಮನೆಯ ಬಾಗಿಲು ಮುಚ್ಚಿದಾಗ, ತನ್ನ ಮಗುವಾದರೂ ಇದರಿಂದ ಪಾರಾಗಲಿ ಅಂತ ಒಬ್ಬ ತಾಯಿ ಬೇರೆ ಹೆಸರು ಹುಡುಕಿದರೆ ಅದು ಅವಳ ಹಕ್ಕು. ಬಾಬಾಸಾಹೇಬರ ತಂದೆ ರಾಮಜಿ ಅವರೂ ಸಕ್ಪಾಲ್ ಅನ್ನೋ ಮನೆತನದ ಹೆಸರು ಬಿಟ್ಟು ಅಂಬಡವೆ ಅನ್ನೋ ಊರಿನ ಹೆಸರನ್ನು ಮಗನ ಶಾಲೆಯ ಪುಸ್ತಕದಲ್ಲಿ ಬರೆಸಿದವರು. ಅದರಿಂದಲೇ ಮುಂದೆ ಅಂಬೇಡ್ಕರ್ ಬಂತು. ಬಾಬಾಸಾಹೇಬರು ತಾವು ಕಟ್ಟಿದ ಕಾಲೇಜುಗಳಿಗೆ ಸಿದ್ಧಾರ್ಥ, ಮಿಲಿಂದ ಅಂತ ಹೆಸರಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಆಮೇಲೆ ನಮ್ಮ ಕೇರಿಗಳ ತೊಟ್ಟಿಲಿಗೆ ಸಿದ್ಧಾರ್ಥ, ಗೌತಮ, ರಾಹುಲ, ಅಶೋಕ ಬಂದರು. ಭೀಮರಾಯರೂ ಬಂದರು. ಈ ಹೆಸರುಗಳು ಯಾರದೋ ಮೇಲ್ಜಾತಿಯ ಅಟ್ಟದಿಂದ ಕದ್ದ ಬಟ್ಟೆಗಳಲ್ಲ. ಕಳೆದುಹೋಗಿದ್ದ ಚರಿತ್ರೆಯನ್ನು ಕರೆದು ಮನೆಯೊಳಗೆ ಕೂರಿಸಿದ ಹೆಸರುಗಳು.

ನಮ್ಮ ತಕರಾರು ಇರೋದು ಬೇರೆ ಕಡೆ. ಹೆಸರು ಬದಲಾಯಿಸುವ ಭರದಲ್ಲಿ ಹಳೆಯ ಹೆಸರನ್ನು ಕಂಡರೆ ನಾವೂ ಹೇಸತೊಡಗಿದೆವೇನೋ ಅನ್ನೋ ಕಡೆ. ಕಾಲೇಜು ಓದಿದ ಹುಡುಗ ತನ್ನ ಅಜ್ಜನ ಹೆಸರು ಹೇಳುವಾಗ ದನಿ ತಗ್ಗಿಸುತ್ತಾನೆ. ಹಾಸ್ಯ ನಾಟಕದಲ್ಲಿ ನಗಿಸುವ ಆಳಿನ ಪಾತ್ರಕ್ಕೆ ತುಕ್ರ ಅಂತಲೋ ಐತ ಅಂತಲೋ ಹೆಸರಿಟ್ಟರೆ ನಮ್ಮವರೂ ಕೂತು ನಗುತ್ತಾರೆ. ಧಣಿಯ ನಗು ನಮ್ಮ ಬಾಯಿಗೆ ಬಂದು ಕೂತಿದೆ. ಮನು ಹೇಳಿದ ಹೇಸಿಗೆ ಅಲ್ಲಿ ಗೆದ್ದಿತು.

ಹೀಗೆ ಗೆಲ್ಲಬೇಕಾಗಿರಲಿಲ್ಲ ಅನ್ನೋದಕ್ಕೆ ಆಫ್ರಿಕದ ಕಡೆ ನೋಡಿ. ಘಾನಾ ದೇಶದ ಅಕಾನ್ ಜನರಲ್ಲೂ ಮಗುವಿಗೆ ಹುಟ್ಟಿದ ವಾರದ ಹೆಸರು ಇಡುತ್ತಾರೆ. ಶನಿವಾರದವನು ಕ್ವಾಮೆ. 1957ರಲ್ಲಿ ಬ್ರಿಟಿಷರಿಂದ ದೇಶವನ್ನು ಬಿಡಿಸಿಕೊಂಡ ಕ್ವಾಮೆ ಎನ್‌ಕ್ರುಮಾ ಅಂದರೆ ನಮ್ಮ ಚನಿಯ. ಶುಕ್ರವಾರದವನು ಕೋಫಿ. 1997ರಿಂದ 2006ರವರೆಗೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅಂದರೆ ನಮ್ಮ ತುಕ್ರ. ಸೋಮವಾರದವನು ಕೋಜೋ. ಗುಲಾಮರ ಹಡಗಿನಲ್ಲಿ ಈ ಹೆಸರು ಜಮೈಕಾಕ್ಕೆ ಹೋಗಿ ಕಜೋ ಆಯಿತು. ಕಬ್ಬಿನ ತೋಟಗಳಿಂದ ಓಡಿಹೋಗಿ ಗುಡ್ಡ ಸೇರಿ, ಬ್ರಿಟಿಷ್ ಸೈನ್ಯವನ್ನು ವರ್ಷಾನುಗಟ್ಟಲೆ ಕಾಡಿ, 1739ರಲ್ಲಿ ಅವರನ್ನು ಒಪ್ಪಂದಕ್ಕೆ ಕೂರಿಸಿದ ಮರೂನ್ ನಾಯಕ ಕಜೋ. ಇನ್ನು ಮುಂದೆ ಓಡಿಬರುವ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಹಿ ಶರತ್ತೂ ಆ ಒಪ್ಪಂದದಲ್ಲಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಕಜೋ ಅಂದರೆ ಚೋಮ. ಅದೇ ಜಮೈಕಾದಲ್ಲಿ ಭಾನುವಾರದ ಹೆಸರು ಕ್ವಾಸಿ ತೋಟದ ಮಾಲೀಕರ ಬಾಯಿಗೆ ಬಿದ್ದು, ದಡ್ಡ ಕರಿಯ ಅನ್ನೋ ಬೈಗುಳವಾಯಿತು. ಒಂದೇ ವಾರದ ಹೆಸರುಗಳು. ಸ್ವಂತ ಜನರ ಬಾಯಲ್ಲಿ ಮಾನ, ಮಾಲೀಕನ ಬಾಯಲ್ಲಿ ಬೈಗುಳ. ನಮ್ಮ ದೇಶದಲ್ಲೇ ಮುಂಡಾ ಜನರ ಬಿರ್ಸಾ ಎಂಬ ಹೆಸರು ಗುರುವಾರದ್ದು ಅನ್ನುತ್ತಾರೆ. ಹಾಗಿದ್ದರೆ ಬ್ರಿಟಿಷರಿಗೂ ಜಮೀನ್ದಾರರಿಗೂ ಎದುರು ನಿಂತು 1900ರಲ್ಲಿ ರಾಂಚಿಯ ಜೈಲಿನಲ್ಲಿ ಸತ್ತ ಬಿರ್ಸಾ ಮುಂಡಾ ಚೋಮನ ಮಗ ಗುರುವನ ಹೆಸರಿನವನು.

ದೂರ ಯಾಕೆ, ತುಳುನಾಡಿನಲ್ಲೇ ನೋಡಿ. ಈವತ್ತು ರಿಕ್ಷಾಗಳ ಮೇಲೆ, ಬೈಕುಗಳ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ ಎಲ್ಲಿ ನೋಡಿದರೂ ಕೊರಗಜ್ಜ. ಕಳೆದುಹೋದ ವಸ್ತು ಸಿಗಲಿ ಅಂತ ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ, ಚಕ್ಕುಲಿ ಎಲೆಯಡಿಕೆ ಇಡುತ್ತಾರೆ. ಆ ದೈವದ ಹೆಸರು ಕೊರಗ ತನಿಯ. ಶನಿವಾರದ ತನಿಯ, ಚನಿಯನ ಇನ್ನೊಂದು ಉಚ್ಚಾರ. ಸತ್ತು ದೈವವಾದ ತನಿಯನಿಗೆ ಕೈಮುಗಿಯುವ ನಾಡಿನಲ್ಲೇ ಬದುಕಿದ್ದ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಡೆಯುತ್ತಿತ್ತು. ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಸರ್ಕಾರ ಒಂದು ಕಾನೂನನ್ನೇ ಮಾಡಬೇಕಾಯಿತು. ದೈವಕ್ಕೆ ಮಾನ, ಮನುಷ್ಯನಿಗೆ ಎಂಜಲು. ಇದು ಯಾವ ಭಕ್ತಿ ಸ್ವಾಮಿ?

ಹೆಸರು ಬಿಡದೆ ಉಳಿಸಿಕೊಂಡವರೂ ಇದ್ದಾರೆ. ಸುಳ್ಯ ಮೀಸಲು ಕ್ಷೇತ್ರದಿಂದ 1994ರಿಂದ ಆರು ಸಲ ಗೆದ್ದ ಎಸ್. ಅಂಗಾರ 2021ರ ಜನವರಿಯಲ್ಲಿ ಮಂತ್ರಿಯಾದರು. ಪಕ್ಷ ರಾಜಕೀಯದ ಜಗಳ ಬೇರೆ, ಅದು ಇರಲಿ. ಮಂಗಳವಾರದ ಆ ಬೋಳು ಹೆಸರಿಗೆ ಬಾಲ ಕಟ್ಟದೆಯೇ ವಿಧಾನಸೌಧದ ಬಾಗಿಲ ಫಲಕದ ಮೇಲೆ ಬರೆಯಬೇಕಾಯಿತು. ಅಧಿಕಾರಿಗಳು ಅದನ್ನು 'ಮಾನ್ಯ' ಸೇರಿಸಿ ಓದಬೇಕಾಯಿತು. ಕರೆಯುವ ನಾಲಿಗೆ ಬದಲಾದರೆ ಹೆಸರು ತಾನಾಗಿ ನೆಟ್ಟಗೆ ನಿಲ್ಲುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಯ ಮಾತು ಭೂಮಿಯದು, ಯಾಕೆಂದರೆ ಚೋಮನ ಕತೆ ಭೂಮಿಯದು. ಅವನು ಧಣಿ ಸಂಕಪ್ಪಯ್ಯನನ್ನು ಕೇಳಿದ್ದು ಹೊಸ ಹೆಸರನ್ನಲ್ಲ, ಉಳಲು ಗದ್ದೆ. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಆದರೆ ಚೋಮ ಗೇಣಿದಾರನೇ ಆಗಿರಲಿಲ್ಲ. ಅವನು ಬರೀ ಆಳು. ಉಳುವವನೇ ಹೊಲದೊಡೆಯ ಅಂದಾಗ, ಉಳುವುದಕ್ಕೇ ಬಿಡದಿದ್ದವನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನ ಮೊಮ್ಮಗ ಸೋಮಶೇಖರನಾಗಿ ಪೇಟೆಗೆ ಬಂದ. ಹೆಸರು ಮೂರಕ್ಷರ ಬೆಳೆಯಿತು, ಪಹಣಿ ಬೆಳೆಯಲಿಲ್ಲ. ಪಹಣಿಯ ಕಾಲಂನಲ್ಲಿ ಹೆಸರು ಬಾರದೆ ಹಾಜರಿ ಪುಸ್ತಕದಲ್ಲಿ ಮಾತ್ರ ಚಂದದ ಹೆಸರು ಬಂದರೆ ಅದು ಅರ್ಧ ಬಿಡುಗಡೆ.

ಹೀಗಾಗಿ ನಾವು ಮೂರು ಜನಕ್ಕೆ ಮೂರು ಮಾತು ಹೇಳಬೇಕಾಗಿದೆ. ಬರೆಯುವ ಗೆಳೆಯರಿಗೆ: ದಲಿತನ ಪಾತ್ರ ಅಂದ ಕೂಡಲೇ ಹಳೆಯ ಹೆಸರು ಹುಡುಕಿ ಅಂಟಿಸಬೇಡಿ. ಈವತ್ತಿನ ಹಟ್ಟಿಯಲ್ಲಿ ಸಿದ್ಧಾರ್ಥನಿದ್ದಾನೆ, ಪ್ರಿಯಾಂಕಳಿದ್ದಾಳೆ, ಅವರಿಗೂ ಹಸಿವು, ಸಿಟ್ಟು, ಪ್ರೀತಿ ಇದೆ. ಹಳೆಯ ಹೆಸರು ಬೇಕೇ ಆದರೆ ಅದನ್ನು ಅಮಾಸನ ಹಾಗೆ ಕುಣಿಸಿ. ಹಳ್ಳಿಯ ಮೇಷ್ಟ್ರುಗಳಿಗೆ: ಮಗು ಹೇಳಿದ ಹೆಸರನ್ನು ಕೇಳದೆ ತಿದ್ದಬೇಡಿ. ನೀವು ಸೇರಿಸಿದ ಒಂದು ಅಕ್ಷರಕ್ಕಾಗಿ ಜಾತಿ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರಾಗಿ, ವಿದ್ಯಾರ್ಥಿವೇತನ ನಿಂತುಹೋಗಿ, ಅಪ್ಪ ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ: ನಿಮಗೆ ಇಷ್ಟವಾದ ಹೆಸರು ಇಟ್ಟುಕೊಳ್ಳಿ. ಆದರೆ ಅಜ್ಜನ ಹೆಸರನ್ನು ಜೋರಾಗಿ ಹೇಳಿ. ಯಾರಾದರೂ ನಕ್ಕರೆ ಅದರ ಅರ್ಥ ಬಿಡಿಸಿ ಹೇಳಿ. ಐತ ಸೂರ್ಯ, ಚೋಮ ಚಂದ್ರ ಅನ್ನಿ. ನಮ್ಮ ತಾಯಂದಿರು ಸೂರ್ಯ ಚಂದ್ರರನ್ನೇ ಮಡಿಲಲ್ಲಿ ಹಾಕಿಕೊಂಡು ಹಾಲು ಕುಡಿಸಿದವರು, ಅಂಗಳದಾಚೆ ನಿಲ್ಲಿಸಿದವರು ನೀವು ಅನ್ನಿ.